ಬಿಸಿಲಿಗೆ ತಕ್ಕ ರಜೆ: ಮಕ್ಕಳೊಡನೆ ಏಪ್ರಿಲ್–ಮೇ ಕಳೆಯುವ ಬಗೆ

ಪರೀಕ್ಷೆ ಮುಗಿದ ಮೊದಲ ವಾರ ಮಕ್ಕಳಿಗೆ ನಮ್ಮ ಹಂಗಿರುವುದಿಲ್ಲ. ಎದ್ದಾಗ ಬೆಳಗು, ಹಸಿದಾಗ ಊಟ. ಎರಡನೆಯ ವಾರದಲ್ಲಿ ‘ಬೇಜಾರು’ ಎಂಬ ರಾಗ ಏಳುತ್ತದೆ. ಮೂರನೆಯ ವಾರಕ್ಕೆ ದೊಡ್ಡವರೇ ಸೋತು, ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟು ಫ್ಯಾನಿನ ಕೆಳಗೆ ಅಡ್ಡಾಗುತ್ತಾರೆ. ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ; ಹೆಚ್ಚುಕಡಿಮೆ ಏಳು ವಾರ. ಬೇಸಿಗೆ ಶಿಬಿರಗಳ ಮೇಲೆ ನನಗೆ ತಕರಾರಿಲ್ಲ. ಮೈಸೂರಿನ ರಂಗಾಯಣ ನಡೆಸುವ ಚಿನ್ನರ ಮೇಳದಂಥ ಕಡೆ ಅವಕಾಶ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ಆದರೂ ಶಿಬಿರ ಮುಗಿಸಿ ಮಗು ಮನೆಗೇ ಬರಬೇಕು, ಏಳು ವಾರಗಳ ಬಹುಪಾಲು ಮನೆಯಲ್ಲೇ ಕಳೆಯಬೇಕು. ಈ ಲೇಖನ ಆ ಬಹುಪಾಲಿಗಾಗಿ.

ಇಲ್ಲಿ ಹೇಳುವ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಎರಡು ವಿಷಯ ಮಾತ್ರ ಗಮನದಲ್ಲಿರಲಿ. ಯಾವ ಹೊತ್ತಿಗೆ ಏನು ಎಂಬುದನ್ನು ಬಿಸಿಲಿನ ತೀರ್ಮಾನಕ್ಕೆ ಬಿಡಿ. ಮಕ್ಕಳಿಗೆ ಕೊಡುವ ಕೆಲಸ ನಿಜವಾದ ಕೆಲಸವಾಗಿರಲಿ, ಅಂದರೆ ಸರಿಯಾಗಿ ಮಾಡದಿದ್ದರೆ ಏನಾದರೂ ಕೆಡುವಂಥದ್ದು. ಬಣ್ಣ ತುಂಬುವ ಪುಸ್ತಕ ಹತ್ತು ನಿಮಿಷಕ್ಕೆ ಸಾಕೆನಿಸುತ್ತದೆ; ಕಾಗೆಯಿಂದ ಸಂಡಿಗೆ ಕಾಯುವ ಕೆಲಸ ಮೂರು ದಿನವಾದರೂ ಸಾಕೆನಿಸುವುದಿಲ್ಲ.

ಮೊದಲು ದಿನವನ್ನು ಹಂಚಿಕೊಳ್ಳಿ

ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಹೊರಗಿನ ಕೆಲಸ. ಹನ್ನೊಂದರಿಂದ ನಾಲ್ಕರವರೆಗೆ ಮನೆಯೊಳಗೆ. ಐದರ ನಂತರ ಮತ್ತೆ ಬೀದಿ, ಅಂಗಳ, ತಾರಸಿ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಅಲ್ಲಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನವರಿಗೆ ಹೇಳಬೇಕು. ‘ನಮ್ಮೂರಿನ ಹವೆ ತಂಪು’ ಎಂಬ ಹಳೆಯ ನಂಬಿಕೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮಕ್ಕಳನ್ನು ಕ್ರಿಕೆಟ್ ತರಬೇತಿಗೆ ಬಿಡುವವರು ಅಲ್ಲಿ ಇನ್ನೂ ಇದ್ದಾರೆ. ಕರಾವಳಿಯಲ್ಲಿ ತಾಪಮಾನದ ಅಂಕಿ ಕಡಿಮೆಯಿದ್ದರೂ ಬೆವರು ಆರುವುದಿಲ್ಲ, ದಣಿವು ಬೇಗ ಬರುತ್ತದೆ.

ತಂದೆ ತಾಯಿ ಇಬ್ಬರೂ ಕಚೇರಿಗೆ ಹೋಗುವ ಮನೆಗಳಲ್ಲಿ ಸಂಜೆ ಮತ್ತು ಭಾನುವಾರ ಮಾತ್ರ ಕೈಯಲ್ಲಿರುತ್ತವೆ. ಅಷ್ಟು ಸಾಕು. ಮಧ್ಯಾಹ್ನದ ಆಟಗಳನ್ನು ಅಜ್ಜ ಅಜ್ಜಿಯರಿಗೆ, ಪಕ್ಕದ ಮನೆಯ ಮಕ್ಕಳಿಗೆ ಬಿಡಿ.

ಇನ್ನೊಂದು ಸಿದ್ಧತೆ ರಜೆಯ ಆರಂಭದಲ್ಲೇ ಆಗಬೇಕು. ಬೇರೆ ಊರಿನಲ್ಲಿರುವ ಒಂದು ಮನೆಯನ್ನು ಜೊತೆ ಮಾಡಿಕೊಳ್ಳಿ. ಚಿಕ್ಕಪ್ಪನ ಮನೆಯಾಗಲಿ, ಹಳೆಯ ಗೆಳತಿಯ ಮನೆಯಾಗಲಿ, ಅಲ್ಲೊಂದು ಸಮವಯಸ್ಕ ಮಗುವಿರಲಿ. ಊರು ದೂರವಿದ್ದಷ್ಟೂ ಒಳ್ಳೆಯದು. ಮಂಗಳೂರಿಗೆ ಬೀದರ್ ಸಿಕ್ಕರೆ ಬಹಳ ಒಳ್ಳೆಯದು. ಏಕೆಂಬುದು ಮುಂದೆ ಗೊತ್ತಾಗುತ್ತದೆ. ಮೊಬೈಲನ್ನು ಮಕ್ಕಳಿಂದ ಪೂರ್ತಿ ಕಿತ್ತುಕೊಳ್ಳುವುದಕ್ಕಿಂತ ಅದಕ್ಕೊಂದು ಕೆಲಸ ಕೊಡುವುದು ಸುಲಭ.

ಮಧ್ಯಾಹ್ನಕ್ಕೆ ಚೌಕಾಬಾರ

ಕೆಲವು ಕಡೆ ಇದನ್ನು ಕಟ್ಟೆಮನೆ ಎನ್ನುತ್ತಾರೆ. ಇಬ್ಬರಿಂದ ನಾಲ್ವರವರೆಗೆ ಆಡಬಹುದು. ಆರು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಸಮಸಮವಾಗಿ ಜಗಳವಾಡಬಹುದಾದ ಆಟ ಇದಕ್ಕಿಂತ ಇನ್ನೊಂದಿಲ್ಲ.

1. ನಾಲ್ಕು ಕವಡೆ ಬೇಕು. ಇಲ್ಲದಿದ್ದರೆ ಹುಣಸೆ ಬೀಜ ಸಾಕು, ಮತ್ತು ಅದನ್ನು ತಯಾರಿಸುವುದೇ ಅರ್ಧ ಗಂಟೆಯ ಸುಖ. ದಪ್ಪನೆಯ ನಾಲ್ಕು ಬೀಜ ಆರಿಸಿ, ಒರಟು ಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು, ಒಂದೇ ಮಗ್ಗುಲನ್ನು ತೇಯುತ್ತಾ ಹೋಗಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತದೆ. ಬೆರಳು ಬಿಸಿಯಾಗುವಷ್ಟು ಹೊತ್ತು ಬೇಕು. ಬಿಳಿ ಮಗ್ಗುಲು ಚಪ್ಪಟೆಯಾದರೆ ಬೀಜ ಸಿದ್ಧ.

2. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಐದು ಕಂಬ, ಒಟ್ಟು 25 ಮನೆಗಳನ್ನು ಬರೆಯಿರಿ. ನಾಲ್ಕು ಬದಿಗಳ ನಡುವಿನ ಮನೆಗೆ ಮತ್ತು ನಟ್ಟನಡುವಿನ ಮನೆಗೆ ಕತ್ತರಿ ಗುರುತು ಹಾಕಿ. ಅವು ಕಟ್ಟೆಗಳು. ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ.

3. ತಲೆಗೆ ನಾಲ್ಕು ಕಾಯಿ. ಬಳೆಚೂರು, ಗುಂಡಿ, ಕಲ್ಲು, ಕಡ್ಡಿ ಯಾವುದಾದರೂ ಆದೀತು. ಹುರಿಗಡಲೆ ಬೇಡ, ಆಟ ಮುಗಿಯುವುದರೊಳಗೆ ಖಾಲಿಯಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಎದುರಿನ ಕಟ್ಟೆಯಿಂದ ಹೊರಡಬೇಕು.

4. ಬೀಜ ಉರುಳಿಸಿದಾಗ ಎಷ್ಟು ಬಿಳುಪು ಮೇಲೆ ಬಂತೋ ಅಷ್ಟು ಮನೆ ನಡೆ. ನಾಲ್ಕೂ ಬಿಳುಪಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಸರದಿ.

5. ಕಾಯಿ ಮೊದಲು ಹೊರಗಿನ ಸುತ್ತಿನಲ್ಲಿ ಎಡಸುತ್ತಾಗಿ ಹೋಗಿ, ಒಳಸುತ್ತಿಗೆ ಇಳಿದು, ಅಲ್ಲಿ ಬಲಸುತ್ತಾಗಿ ನಡೆದು, ನಡುವಿನ ಮನೆಯಲ್ಲಿ ಹಣ್ಣಾಗುತ್ತದೆ. ಒಂದು ಕಾಯಿ ಹಣ್ಣಾಗಲು ಒಟ್ಟು 24 ಹೆಜ್ಜೆ. ಕೊನೆಯ ಮನೆಗೆ ಲೆಕ್ಕ ಸರಿಯಾಗಿ ಬೀಳಬೇಕು.

6. ಎದುರಾಳಿಯ ಕಾಯಿ ಇರುವ ಮನೆಗೆ ನಿಮ್ಮದು ಬಂದರೆ ಅದು ಕಡಿದಂತೆ. ಪಾಪ, ಅದು ಮೊದಲಿನಿಂದ ಹೊರಡಬೇಕು. ಕಡಿದವರಿಗೆ ಇನ್ನೊಂದು ಸರದಿ. ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ.

ನಿಯಮ ಊರಿಂದೂರಿಗೆ ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಚೌಕ ಅಥವಾ ಬಾರ ಬೀಳದೆ ಕಾಯಿ ಹೊರಡುವಂತಿಲ್ಲ. ಆಟಕ್ಕೆ ಮೊದಲು ನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಇಲ್ಲವಾದರೆ ಮಧ್ಯದಲ್ಲಿ ಅಜ್ಜಿ ತನ್ನ ತವರಿನ ನಿಯಮ ತೆಗೆಯುತ್ತಾರೆ. ಮಗುವಿನ ಕಾಯಿ ಕಡಿದಾಗ ಅದು ಅಳಬಹುದು. ಅಳಲಿ. ಬೇಕೆಂದೇ ಸೋಲುವ ದೊಡ್ಡವರನ್ನು ಮಕ್ಕಳು ಎರಡು ಆಟದಲ್ಲೇ ಪತ್ತೆ ಹಚ್ಚಿ, ಆಟದ ಮೇಲಿನ ಗೌರವವನ್ನೇ ಕಳೆದುಕೊಳ್ಳುತ್ತಾರೆ.

ಐದನೆಯ ತರಗತಿಗಿಂತ ಮೇಲಿನವರಿಗೆ ಒಂದು ಹೆಚ್ಚಿನ ಕೆಲಸ ಕೊಡಿ. ಬೀಜಗಳನ್ನು ನೂರು ಸಲ ಉರುಳಿಸಿ, ಯಾವ ಸಂಖ್ಯೆ ಎಷ್ಟು ಸಲ ಬಿತ್ತು ಎಂದು ಗೀಟು ಹಾಕಲಿ. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವ ಬಗೆ ಆರು, ಬಾರ ಬೀಳುವುದು ಒಂದೇ ಒಂದು. ಬೀಜದ ಎರಡು ಮಗ್ಗುಲೂ ಸಮನಾಗಿದ್ದರೆ ನೂರರಲ್ಲಿ ಬಾರ ಬೀಳುವುದು ಆರೇಳು ಸಲ. ನಿಮ್ಮ ಬೀಜಕ್ಕೆ ಹದಿನೈದು ಸಲ ಬಿದ್ದರೆ ತೇಯ್ದದ್ದು ಸರಿಯಿಲ್ಲ ಎಂದರ್ಥ. ಕವಡೆಯಲ್ಲೂ ಇದೇ ಲೆಕ್ಕ ಮಾಡಿ ಹೋಲಿಸಬಹುದು. ಸಂಭವನೀಯತೆ ಎಂಬ ಪಾಠ ಶಾಲೆಯಲ್ಲಿ ಬರುವ ಹೊತ್ತಿಗೆ ಇವರಿಗೆ ಅದು ಹಳೆಯ ಸಂಗತಿಯಾಗಿರುತ್ತದೆ.

ಅಳಗುಳಿಮಣೆ ಮನೆಯಲ್ಲಿದ್ದರೆ ಅದನ್ನೂ ಅಟ್ಟದಿಂದ ಇಳಿಸಿ. ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿ ಏಳೇಳು ಗುಳಿಯ ಎರಡು ಸಾಲು ಮಾಡಿಕೊಳ್ಳಬಹುದು.

ಸಬ್ಬಕ್ಕಿ ಸಂಡಿಗೆ

ಅಕ್ಕಿಹಿಟ್ಟಿನ ಸಂಡಿಗೆ ಒತ್ತಲು ತೋಳಿನ ಬಲ ಬೇಕು, ಹಪ್ಪಳ ಲಟ್ಟಿಸಲು ಅಭ್ಯಾಸ ಬೇಕು. ಮಕ್ಕಳಿಗೆ ಸಬ್ಬಕ್ಕಿಯದೇ ಸರಿ, ಚಮಚದಲ್ಲಿ ಹಾಕಿದರೆ ಮುಗಿಯಿತು. ಒಲೆಯ ಮುಂದೆ ದೊಡ್ಡವರು, ತಾರಸಿಯಲ್ಲಿ ಮಕ್ಕಳು. ಈ ಗಡಿ ದಾಟಿಸಬೇಡಿ.

ಹಿಂದಿನ ರಾತ್ರಿ ಒಂದು ಲೋಟ ಸಬ್ಬಕ್ಕಿ ತೊಳೆದು ನೆನೆಹಾಕಿ. ಬೆಳಿಗ್ಗೆ ಬೇಗ ಎದ್ದು ಐದು ಲೋಟ ನೀರು ಕುದಿಸಿ, ನೆಂದ ಸಬ್ಬಕ್ಕಿ ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಕಾಳಿನ ನಡುವೆ ಬಿಳಿ ಚುಕ್ಕೆ ಕಾಣುತ್ತಿರುತ್ತದೆ. ಅದು ಕರಗಿ ಕಾಳು ಗಾಜಿನಂತಾದಾಗ ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ–ಇಂಗು ಅರೆದದ್ದು ಸೇರಿಸಿ ಇಳಿಸಿ. ಉಪ್ಪು ಬಾಯಿಗೆ ಸ್ವಲ್ಪ ಕಡಿಮೆ ಅನ್ನಿಸಬೇಕು. ನೀರೆಲ್ಲ ಆರಿದ ಮೇಲೆ ಅದೇ ಉಪ್ಪು ಜೋರಾಗುತ್ತದೆ. ಏಕೆಂದು ಮಕ್ಕಳನ್ನೇ ಕೇಳಿ. ಉಗುರುಬೆಚ್ಚಗಾದ ಮೇಲೆ ನಿಂಬೆರಸ ಹಿಂಡಿ.

ಏಳೂವರೆ–ಎಂಟರೊಳಗೆ ತಾರಸಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಮಕ್ಕಳ ಕೈಗೆ ಚಮಚ ಕೊಡಿ. ಒಂದು ಸಂಡಿಗೆಗೂ ಇನ್ನೊಂದಕ್ಕೂ ಎರಡು ಬೆರಳು ಅಂತರ. ಮೊದಲ ಸಾಲು ವಕ್ರವಾಗುತ್ತದೆ, ಎರಡನೆಯದರಲ್ಲಿ ಎರಡು ಸಂಡಿಗೆ ಒಂದಾಗುತ್ತವೆ, ಮೂರನೆಯ ಸಾಲಿಗೆ ಕೈ ಕುದುರುತ್ತದೆ. ಚಿಕ್ಕವರು ಅಕ್ಷರದ ಆಕಾರದಲ್ಲಿ ಹಾಕಲಿ. ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕರಿದು ತಿನ್ನುವ ಅವಕಾಶ ವರ್ಷಕ್ಕೊಮ್ಮೆ ಸಿಗುತ್ತದೆ.

ನಂತರ ಕಾವಲು. ಕಾಗೆಗೆ ಬಿಡಿಸಿಟ್ಟ ಕಪ್ಪು ಕೊಡೆ ಕಂಡರೆ ಅಂಜಿಕೆ, ಅದನ್ನು ಹಾಳೆಯ ಪಕ್ಕದಲ್ಲೇ ಇಡಿ. ಅಳಿಲು ಕೊಡೆಗೆ ಹೆದರುವುದಿಲ್ಲ, ಹಾಗಾಗಿ ನೆರಳಿನ ಬಾಗಿಲಲ್ಲಿ ಒಬ್ಬರು ಸರದಿ ಪ್ರಕಾರ ಕೂರಬೇಕು. ಸಂಜೆ ಇಬ್ಬನಿಗೆ ಸಿಗದಂತೆ ಒಳಗೆ ತರಬೇಕು. ಎರಡನೆಯ ದಿನ ಅಂಚು ತಾನಾಗಿ ಏಳುತ್ತದೆ. ಬಿಡಿಸಿ ಮಗುಚಿ ಹಾಕಿ. ಮೂರನೆಯ ದಿನ ತಟ್ಟೆಯಲ್ಲಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಒಂದನ್ನು ಕರಿದು ನೋಡಿ. ಪೂರ್ತಿ ಅರಳದೆ ನಡುವೆ ಗಟ್ಟಿಯಾಗಿ ಉಳಿದರೆ ಇನ್ನೊಂದು ದಿನದ ಬಿಸಿಲು ಬೇಕು.

ಅಪಾರ್ಟ್‌ಮೆಂಟಿನವರು ಕೈಬಿಡಬೇಕಾಗಿಲ್ಲ. ಬಾಲ್ಕನಿಗೆ ನಾಲ್ಕು ಗಂಟೆ ಬಿಸಿಲು ಬಿದ್ದರೆ ದೊಡ್ಡ ತಟ್ಟೆಗಳಲ್ಲಿ ಹಾಕಿ, ಮೇಲೆ ತೆಳು ಪಂಚೆ ಕಟ್ಟಿ. ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಕರಾವಳಿ, ಮಲೆನಾಡಿನವರು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳುವುದು ಜಾಣತನ. ಮೇ ಬಂತೆಂದರೆ ಮಧ್ಯಾಹ್ನದ ಮೋಡವನ್ನು ನಂಬುವಂತಿಲ್ಲ.

ನೆರಳಿಲ್ಲದ ಮಧ್ಯಾಹ್ನ

ಹೊರಗೆ ಹೋಗಬೇಡಿ ಎಂದ ಮಧ್ಯಾಹ್ನದಲ್ಲೇ ಒಂದು ದಿನ, ಕಾಲು ಗಂಟೆ ಮಾತ್ರ, ಎಲ್ಲರೂ ಟೋಪಿ ಹಾಕಿಕೊಂಡು ತಾರಸಿಗೆ ಹೋಗಬೇಕು. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ ಅದು. ನೇರವಾಗಿ ನಿಂತ ಕಂಬಕ್ಕೂ ಬಾಟಲಿಗೂ ನೆರಳು ಇರುವುದಿಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ಈ ದಿನ ಬರುತ್ತದೆ. ಕರ್ನಾಟಕ ಪೂರ್ತಿಯಾಗಿ ಆ ಪಟ್ಟಿಯೊಳಗಿದೆ. ಎರಡನೆಯ ಸಲ ಬರುವುದು ಆಗಸ್ಟ್ ಹೊತ್ತಿಗೆ, ಮೋಡದ ಮರೆಯಲ್ಲಿ. ಆದ್ದರಿಂದ ರಜೆಯಲ್ಲಿ ಬರುವ ಮೊದಲನೆಯದನ್ನು ಬಿಡಬೇಡಿ.

ಮೈಸೂರಿಗೆ ಏಪ್ರಿಲ್ 22ರ ಆಸುಪಾಸು, ಬೆಂಗಳೂರು ಮತ್ತು ಮಂಗಳೂರಿಗೆ 24ರ ಹೊತ್ತಿಗೆ, ಹುಬ್ಬಳ್ಳಿ–ಧಾರವಾಡಕ್ಕೆ ಮೇ 2ರ ಸುಮಾರಿಗೆ, ಕಲಬುರಗಿಗೆ ಮೇ 9–10, ಬೀದರಿಗೆ 12ರ ಹೊತ್ತಿಗೆ. ಒಂದು ದಿನ ಹಿಂದುಮುಂದಾದರೂ ನೆರಳು ಕಾಣದಷ್ಟು ಸಣ್ಣದಾಗಿಯೇ ಇರುತ್ತದೆ.

ಹಿಂದಿನ ದಿನ ಬಿಳಿ ಹಾಳೆ, ಪೆನ್ಸಿಲು, ಉರುಟಾದ ಒಂದು ಬಾಟಲಿ, ದಾರಕ್ಕೆ ಕಟ್ಟಿದ ಕಲ್ಲು ಸಿದ್ಧಮಾಡಿಟ್ಟುಕೊಳ್ಳಿ. ಹನ್ನೆರಡಕ್ಕೆ ಹಾಳೆಯ ಮೇಲೆ ಬಾಟಲಿ ನಿಲ್ಲಿಸಿ, ತೂಗುವ ದಾರದ ಪಕ್ಕದಲ್ಲಿ ನೋಡಿ ಅದು ನೆಟ್ಟಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಡಿ. ನಡುವಿನ ಹೊತ್ತು ನೆರಳಿಗೆ ಬಂದು ಕುಳಿತುಕೊಳ್ಳಿ. ಬೆಂಗಳೂರಿನಲ್ಲಿ 12 ಗಂಟೆ 17 ನಿಮಿಷದ ಹೊತ್ತಿಗೆ ನೆರಳು ಬಾಟಲಿಯ ಬುಡದೊಳಗೆ ಹೊಕ್ಕುಬಿಡುತ್ತದೆ. ಅದೇ ದಿನ ಮಂಗಳೂರಿನಲ್ಲಿ ಇನ್ನೂ ಹತ್ತು ಹನ್ನೊಂದು ನಿಮಿಷ ಕಾಯಬೇಕು, ಅದು ಪಶ್ಚಿಮಕ್ಕಿದೆಯಲ್ಲ. ಸೂರ್ಯನನ್ನು ಮಾತ್ರ ಯಾರೂ ತಲೆಯೆತ್ತಿ ನೋಡಬಾರದು.

ಜೊತೆಯ ಮನೆ ಬೇಕಾಗುವುದು ಇಲ್ಲಿ. ನೆರಳು ಮಾಯವಾದ ನಿಮಿಷವನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಲಿ. ಬೀದರಿನ ಮಗುವಿಗೆ ಆ ದಿನ ಸಣ್ಣದೊಂದು ನೆರಳು ಇನ್ನೂ ಉಳಿದಿರುತ್ತದೆ, ಅದು ಎರಡೂವರೆ ವಾರ ಕಾಯಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ಅತ್ತೆಯ ಮಗಳಿಗಂತೂ ನೆರಳು ಎಂದೂ ಮಾಯವಾಗುವುದಿಲ್ಲ. ಭೂಮಿ ಗುಂಡಗಿದೆ ಎಂಬುದನ್ನು ಪುಸ್ತಕ ನಂಬಿ ಒಪ್ಪುವುದಕ್ಕೂ ಹೀಗೆ ಒಪ್ಪುವುದಕ್ಕೂ ಬಹಳ ವ್ಯತ್ಯಾಸವಿದೆ.

ಒದ್ದೆ ಬಟ್ಟೆ, ಮಳೆಯ ಬಾಟಲಿ

ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ನಲ್ಲಿ ನೀರು ತುಂಬಿ. ಒಂದಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಎರಡನ್ನೂ ಗಾಳಿಯಾಡುವ ನೆರಳಿನಲ್ಲಿಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಎರಡು ಗಂಟೆಯ ಮೇಲೆ ಕುಡಿದು ನೋಡಿ. ಒಣ ಹವೆಯ ಕಲಬುರಗಿ, ಬಳ್ಳಾರಿಗಳಲ್ಲಿ ವ್ಯತ್ಯಾಸ ನಾಲಿಗೆಗೆ ಚೆನ್ನಾಗಿ ಗೊತ್ತಾಗುತ್ತದೆ. ಮಂಗಳೂರಿನಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ಹವೆಯಲ್ಲೇ ನೀರು ತುಂಬಿರುವಾಗ ಬಟ್ಟೆಯ ನೀರು ಆರುವುದಾದರೂ ಎಲ್ಲಿಗೆ? ಎರಡು ಊರಿನ ಮಕ್ಕಳು ಒಂದೇ ದಿನ ಮಾಡಿ ಹೋಲಿಸಿದರೆ ಮಡಕೆಯ ನೀರಿನ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮಳೆ ಅಳೆಯಲು ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬಿ ಬೇಕು, ತಳ ಚಪ್ಪಟೆಯಾಗಿರಬೇಕು. ಹೊರಗಡೆ ಸ್ಕೇಲಿನ ಮಿಲಿಮೀಟರ್ ಗುರುತುಗಳನ್ನು ಅಂಟಿಸಿ, ಗೋಡೆ–ಮರಗಳಿಂದ ದೂರವಿಟ್ಟು, ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಇಡಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಿ, ಬರೆದು, ಚೆಲ್ಲಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಅದೇ 8.30ರಿಂದ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಮನೆಯ ತಾರಸಿಗೆ ಎಷ್ಟು ಬಿಂದಿಗೆ ಬಿತ್ತೆಂದು ಮಕ್ಕಳು ಲೆಕ್ಕ ಮಾಡಲಿ. ಪಟ್ಟಿಯ ಪಕ್ಕದಲ್ಲಿ ಮಳೆಯ ನಕ್ಷತ್ರವನ್ನೂ ಬರೆಯಿಸಿ: ಏಪ್ರಿಲ್ ನಡುವಿನಿಂದ ಅಶ್ವಿನಿ, ಕೊನೆಯ ವಾರದಿಂದ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕಾ, ಕೊನೆಗೆ ರೋಹಿಣಿ. ಹಳ್ಳಿಯಲ್ಲಿರುವ ಅಜ್ಜನಿಗೆ ‘ಭರಣಿ ನಮ್ಮಲ್ಲಿ 22 ಮಿಲಿಮೀಟರ್’ ಎಂದು ವರದಿ ಮಾಡಿದರೆ ಅರ್ಧ ಗಂಟೆಯ ಮಾತಿಗೆ ಬೇರೆ ವಿಷಯ ಬೇಡ.

ಗುಡುಗು ಕೇಳಿದೊಡನೆ ಮಾತ್ರ ಎಲ್ಲರೂ ಒಳಗೆ. ಮುಂಗಾರಿಗೆ ಮೊದಲಿನ ಈ ಮಳೆಯಲ್ಲಿ ಸಿಡಿಲು ಜಾಸ್ತಿ. ಆಲಿಕಲ್ಲು ಹೆಕ್ಕುವ ಆಸೆಗೆ ಮರದಡಿ, ತಾರಸಿಯ ತುದಿ ಯಾವುದೂ ಬೇಡ.

ಸಂಜೆ

ಲಗೋರಿಯನ್ನು ವಿವರಿಸುವ ಅಗತ್ಯವಿಲ್ಲ: ಏಳು ಚಪ್ಪಟೆ ಕಲ್ಲು, ಒಂದು ಮೆತ್ತನೆಯ ಚೆಂಡು, ಎರಡು ತಂಡ. ಒಂದೇ ಸಲಹೆ, ಟೆನಿಸ್ ಚೆಂಡಿನ ಬದಲು ಹಳೆಯ ಬಟ್ಟೆ ಸುತ್ತಿದ ಚೆಂಡು ಮಾಡಿಕೊಂಡರೆ ಬೆನ್ನಿಗೆ ಬಿದ್ದರೂ ನೋವಿಲ್ಲ, ನಿಲ್ಲಿಸಿದ ಕಾರುಗಳ ಮಾಲೀಕರೂ ಸುಮ್ಮನಿರುತ್ತಾರೆ.

ತೆಂಗಿನ ಗರಿ ಸಿಗುವಲ್ಲಿ ಪೀಪಿ ಮಾಡಿ. ಹಸಿ ಗರಿಯ ಒಂದು ಎಲೆಯಿಂದ ಕಡ್ಡಿ ಬಿಡಿಸಿ, ಉದ್ದನೆಯ ಪಟ್ಟಿ ತೆಗೆದುಕೊಳ್ಳಿ. ಕಿರುಬೆರಳಿನ ತುದಿಯಷ್ಟು ಸಣ್ಣ ಸುರುಳಿಯಿಂದ ಆರಂಭಿಸಿ, ಪ್ರತಿ ಸುತ್ತೂ ಹಿಂದಿನದನ್ನು ಅರ್ಧ ಮುಚ್ಚುವಂತೆ ಓರೆಯಾಗಿ ಸುತ್ತುತ್ತಾ ಹೋದರೆ ಕಹಳೆಯ ಆಕಾರ ಬರುತ್ತದೆ. ಪಟ್ಟಿ ಮುಗಿದಾಗ ಇನ್ನೊಂದನ್ನು ಒಳಗೆ ಸಿಕ್ಕಿಸಿ ಮುಂದುವರಿಸಿ. ಕೊನೆಯನ್ನು ತೆಗೆದಿಟ್ಟ ಕಡ್ಡಿಯಿಂದಲೇ ಚುಚ್ಚಿ ಭದ್ರಪಡಿಸಿ. ಸಣ್ಣ ಬಾಯಿಯನ್ನು ಬೆರಳಿನಿಂದ ಚಪ್ಪಟೆ ಒತ್ತಿ, ತುಟಿ ಬಿಗಿಹಿಡಿದು ಊದಬೇಕು. ಮೊದಲು ಬರೀ ಗಾಳಿ ಬರುತ್ತದೆ. ಶಬ್ದ ಬಂದ ಮೇಲೆ ನಿಲ್ಲಿಸುವುದು ಹೇಗೆಂಬುದಕ್ಕೆ ನನ್ನಲ್ಲಿ ಉಪಾಯವಿಲ್ಲ.

ರಾತ್ರಿ ತಾರಸಿಯಲ್ಲಿ

ಊಟವಾದ ಮೇಲೆ ಚಾಪೆ ಹಾಸಿ. ಉತ್ತರಕ್ಕೆ ತಿರುಗಿದರೆ ಏಪ್ರಿಲ್–ಮೇ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲ ಎತ್ತರದಲ್ಲೇ ಇರುತ್ತದೆ. ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಮಸುಕಾಗಿ ಅರುಂಧತಿ. ಮದುವೆಯಲ್ಲಿ ಹಗಲು ಹೊತ್ತಿನಲ್ಲಿ ಪುರೋಹಿತರು ತೋರಿಸಿದ್ದನ್ನು ಕಂಡೆನೆಂದು ತಲೆಯಾಡಿಸಿದ ತಂದೆ ತಾಯಂದಿರಿಗೂ ಇದು ಎರಡನೆಯ ಅವಕಾಶ. ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತಾ.

ಬಾಲಕ್ಕೆ ಎದುರಿನ ತುದಿಯ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆ ಎಳೆದು ಐದು ಪಟ್ಟು ಮುಂದುವರಿಸಿದರೆ ಧ್ರುವ. ಈಗ ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಧ್ರುವ ದಿಗಂತದಿಂದ ಎಷ್ಟು ಮೇಲಿದೆಯೋ ಅದೇ ನಿಮ್ಮ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ 13, ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಬೀದರಿನಲ್ಲಿ 18ರ ಹತ್ತಿರ, ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ. ಮೇ ನಡುವಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ತಿರುಗಿದರೆ ತಗ್ಗಿನಲ್ಲಿ ನಾಲ್ಕು ನಕ್ಷತ್ರಗಳ ತ್ರಿಶಂಕು ಕಾಣುತ್ತದೆ. ಅಲ್ಲಿ ಲೆಕ್ಕ ತಿರುವುಮುರುವು: ಬೆಂಗಳೂರಿನ ಮಗುವಿಗೆ ಅದು ಹೆಚ್ಚು ಮೇಲೆ, ಬೀದರಿನ ಮಗುವಿಗೆ ಹೆಚ್ಚು ಕೆಳಗೆ. ನಗರದ ದೀಪಗಳ ನಡುವೆ ತ್ರಿಶಂಕುವನ್ನು ಹುಡುಕುವುದು ಕಷ್ಟ. ಹಳ್ಳಿಗೆ ಹೋದ ರಾತ್ರಿಗಾಗಿ ಇದನ್ನು ಮೀಸಲಿಡಿ.

ಊರು ಬಿಟ್ಟು ಹೋಗುವುದಾದರೆ

ಮೇ ತಿಂಗಳಲ್ಲಿ ಮಕ್ಕಳನ್ನು ಹಂಪಿಗೆ ಕರೆದೊಯ್ಯಬೇಡಿ. ಬಂಡೆ ಬೆಳಿಗ್ಗೆಯೇ ಕಾಯಲು ತೊಡಗಿ ರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಬಾದಾಮಿಯೂ ಅಷ್ಟೇ. ಅವೆರಡೂ ನವೆಂಬರ್ ನಂತರದ ಊರುಗಳು. ವಿಜಯಪುರದ ಗೋಲಗುಮ್ಮಟ ಮಾತ್ರ ಬೇರೆ; ಗೋಡೆಯ ದಪ್ಪಕ್ಕೆ ಒಳಗೆ ತಂಪಿರುತ್ತದೆ. ಬಾಗಿಲು ತೆರೆದ ಕೂಡಲೇ, ಕೂಗುವವರ ಗುಂಪು ಬರುವ ಮೊದಲೇ ಮೇಲಿನ ಪಿಸುಮಾತಿನ ಗ್ಯಾಲರಿ ತಲುಪಿ. ಒಬ್ಬರು ಇತ್ತ ಗೋಡೆಯ ಪಕ್ಕದಲ್ಲಿ ಕಾಗದ ಹರಿದರೆ ಸಾಕು, ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ.

ಮೈಸೂರಿನ ಮೃಗಾಲಯ 1892ರದ್ದು, ಹಳೆಯ ಮರಗಳ ನೆರಳು ಚೆನ್ನಾಗಿದೆ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ, ಆಗ ಪ್ರಾಣಿಗಳೂ ಎದ್ದಿರುತ್ತವೆ. ಮಂಗಳವಾರ ವಾರದ ರಜೆ. ಮಧ್ಯಾಹ್ನಕ್ಕೆ ರೈಲ್ವೆ ವಸ್ತುಸಂಗ್ರಹಾಲಯ ಇಟ್ಟುಕೊಳ್ಳಿ. ಮಹಾರಾಣಿಯ ಸಲೂನ್ ಬೋಗಿಯಲ್ಲಿ ಅಡುಗೆಮನೆ, ಸ್ನಾನದ ಮನೆ ಎಲ್ಲವೂ ಇವೆ. ಬೆಂಗಳೂರಿನಿಂದ ಹೋಗುವವರು ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿಯಬೇಕು. ಆಟಿಕೆ ಕೊಳ್ಳುವುದು ಆಮೇಲೆ, ಮೊದಲು ಕಡೆಯುವುದನ್ನು ನೋಡಿ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಬಣ್ಣದ ಕಡ್ಡಿ ತಾಗಿಸಿದೊಡನೆ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಮಕ್ಕಳು ಅಲ್ಲಿಂದ ಏಳುವುದಿಲ್ಲ.

ಬೆಂಗಳೂರು ಬಿಟ್ಟು ಹೊರಡಲಾಗದವರು ಬೆಳಿಗ್ಗೆ ಆರಕ್ಕೆ ಲಾಲ್‌ಬಾಗಿನ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ನಡುಮಧ್ಯಾಹ್ನಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಯಂತ್ರಗಳನ್ನು ಮುಟ್ಟಿ ತಿರುಗಿಸಿ ನೋಡುವ ಅವಕಾಶವಿರುವುದರಿಂದ ನಾಲ್ಕು ಗಂಟೆ ಬೇಕಾಗುತ್ತದೆ.

ಎಲ್ಲಿಗೆ ಹೋದರೂ ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಬಿಡಬೇಡಿ. ಚೀಲದಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಮಗು ಮಂಕಾದರೆ, ತಲೆನೋವು, ವಾಂತಿ ಎಂದರೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಮಾತು ತಡವರಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ.

ನೀರಿನ ವಿಷಯದಲ್ಲಿ ರಿಯಾಯಿತಿ ಬೇಡ

ರಜೆಯ ದುಃಖದ ಸುದ್ದಿಗಳಲ್ಲಿ ಹೆಚ್ಚಿನವು ಕೆರೆ, ಕಾಲುವೆ, ಕೃಷಿ ಹೊಂಡ, ಕಲ್ಲುಕ್ವಾರಿಗಳಿಂದ ಬರುತ್ತವೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಇಳಿಜಾರು ಒದ್ದೆಯಾದರೆ ಈಜು ಬಲ್ಲವರಿಗೂ ಹತ್ತಿ ಬರಲಾಗುವುದಿಲ್ಲ. ಕೆರೆಯಲ್ಲಿ ಹೂಳೆತ್ತಿದ ಗುಂಡಿ ಎಲ್ಲಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. ಅಜ್ಜಿಮನೆಗೆ ಹೋದ ನಗರದ ಮಕ್ಕಳಿಗೆ ಇವೆರಡನ್ನೂ ಮೊದಲ ದಿನವೇ ಕರೆದೊಯ್ದು ತೋರಿಸಿ, ದೊಡ್ಡವರಿಲ್ಲದೆ ಹತ್ತಿರ ಸುಳಿಯಬಾರದೆಂದು ಹೇಳಿ. ಈಜು ಕಲಿಸಲು ರಜೆಯೇ ಸರಿಯಾದ ಕಾಲ. ಕೊಳದಲ್ಲಿ ಕಲಿಸುಗರ ಬಳಿ, ಅಥವಾ ಬಾವಿಯಲ್ಲಾದರೆ ಸೊಂಟಕ್ಕೆ ಹಗ್ಗ, ಬೆನ್ನಿಗೆ ಬೆಂಡು ಕಟ್ಟಿ, ಚೆನ್ನಾಗಿ ಈಜುವ ಹಿರಿಯರು ನೀರಿನಲ್ಲೇ ಇರುವಾಗ.

ಕೊನೆಯ ವಾರಕ್ಕೆ ಗೊರಟೆ

ಮೇ ಕೊನೆಯ ಹೊತ್ತಿಗೆ ಮನೆಯಲ್ಲಿ ಮಾವಿನ ಗೊರಟೆಗೆ ಬರವಿಲ್ಲ. ರಸ ಪೂರ್ತಿ ಚೀಪಿದ ಗೊರಟೆಯನ್ನು ತೊಳೆದು ಎರಡು ದಿನ ನೆರಳಿನಲ್ಲಿ ಒಣಗಿಸಿ. ಮೇಲಿನ ಗಟ್ಟಿ ಓಟೆಯ ಅಂಚನ್ನು ದೊಡ್ಡವರು ಕತ್ತರಿಯಿಂದ ಸ್ವಲ್ಪ ಸೀಳಿಕೊಟ್ಟರೆ ಒಳಗಿನ ಬೀಜವನ್ನು ಮಕ್ಕಳೇ ಬಿಡಿಸುತ್ತಾರೆ. ಕಪ್ಪಾದದ್ದು, ಹುಳು ಕೊರೆದದ್ದು ಬೇಡ. ಹಾಲಿನ ಪ್ಯಾಕೆಟಿನ ತಳಕ್ಕೆ ನಾಲ್ಕು ತೂತು ಮಾಡಿ, ಮಣ್ಣು–ಗೊಬ್ಬರ ತುಂಬಿ, ಬೀಜದ ಉಬ್ಬಿದ ಅಂಚು ಮೇಲಾಗುವಂತೆ ಒಂದಂಗುಲ ಆಳದಲ್ಲಿ ಇಡಿ. ಎರಡು ಮೂರು ವಾರದಲ್ಲಿ ತಾಮ್ರದ ಬಣ್ಣದ ಎಲೆ ಹೊರಬರುತ್ತದೆ. ಕರಾವಳಿಯ ಓಲೂರು, ಬಪ್ಪಕ್ಕಾಯಿಯಂಥ ತಳಿಯಾದರೆ ಒಂದೇ ಬೀಜದಿಂದ ಮೂರು ನಾಲ್ಕು ಸಸಿಗಳೂ ಏಳಬಹುದು, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಪಡೆದಿರುತ್ತವೆ. ಆಪೂಸು, ಮಲ್ಲಿಕಾ ಗೊರಟೆಯಿಂದ ಒಂದೇ ಸಸಿ, ಹಣ್ಣಿನ ರುಚಿಗೆ ಭರವಸೆಯಿಲ್ಲ. ಅಂಥದ್ದಕ್ಕೆ ಮುಂದೆ ಕಸಿ ಕಟ್ಟಿಸಿಕೊಳ್ಳಬಹುದು. ಮೊದಲ ಎಲೆಗಳು ಹಸಿರಾಗುವವರೆಗೆ ನೇರ ಬಿಸಿಲಿಗೆ ಇಡಬೇಡಿ, ಜೂನ್ ಮಳೆಯಲ್ಲಿ ಪ್ಯಾಕೆಟಿನೊಳಗೆ ನೀರು ನಿಲ್ಲದಂತೆ ನೋಡಿಕೊಳ್ಳಿ, ನೆಲಕ್ಕೆ ಇಳಿಸುವುದು ಮುಂದಿನ ವರ್ಷದ ಮುಂಗಾರಿಗೆ.